ಕೊಂಡ ಬೆಲೆಯ ರಾಜಕೀಯ

ಜಗಳ ಹತ್ತಿಕೊಳ್ಳಲು ಕಾವೇರಿ ನೀರೋ ಕ್ರಿಕೆಟ್ಟೋ ಬೇಕು ಎಂದುಕೊಂಡವರು ಲಂಡನ್ ಷೇರುಪೇಟೆಯ ಸಣ್ಣ ಹೂಡಿಕೆದಾರರ ಮಾತುಗಳನ್ನು ಒಮ್ಮೆ ಕೇಳಬೇಕು. ಅವರಿಗೆ ಅರ್ಧ ಪೆನ್ನಿ, ಅಂದರೆ ಪೌಂಡಿನ ಇನ್ನೂರನೇ ಒಂದು ಪಾಲು, ಸಾಕು. ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬೀಳುವ ಬ್ರೆಕ್ಸಿಟ್ ಕಾವೇರಿದ್ದ ಆ ವರ್ಷಗಳಲ್ಲಿ, ಬೆಳಿಗ್ಗೆ ಎಂಟಕ್ಕೆ ಪೇಟೆ ತೆರೆದಾಗ ಲಾಯ್ಡ್ಸ್ ಬ್ಯಾಂಕಿನ ಷೇರು ಅರ್ಧ ಪೆನ್ನಿ ಜಾರಿದರೆ ಮುಗಿಯಿತು. ಇದು ನೀವು ಹಾಕಿದ ಓಟಿನ ಫಲ ಎಂದು ಒಬ್ಬರು ಶುರು ಮಾಡುತ್ತಿದ್ದರು. ಅಲ್ಲ, ಜನರ ತೀರ್ಪು ಒಪ್ಪದೆ ಅಳುತ್ತ ಕೂತಿರುವ ನಿಮ್ಮಂಥವರ ಫಲ ಎಂದು ಇನ್ನೊಬ್ಬರು. ಒಂಬತ್ತರ ಹೊತ್ತಿಗೆ ಷೇರು ಕಳೆದುಕೊಂಡ ಅರ್ಧ ಪೆನ್ನಿಯನ್ನು ಮರಳಿ ಗಳಿಸಿರುತ್ತಿತ್ತು. ಜಗಳ ಮಾತ್ರ ಸಂಜೆ ನಾಲ್ಕೂವರೆಗೆ ಪೇಟೆ ಮುಚ್ಚಿದ ಮೇಲೂ ನಡೆದೇ ಇರುತ್ತಿತ್ತು.

ಆ ಬ್ಯಾಂಕಿನ ಒಂದು ಷೇರೂ ನನ್ನಲ್ಲಿಲ್ಲ. ಹಾಗಾಗಿ ಈ ವಾಗ್ವಾದವನ್ನು ನಾನು ತಾಳಮದ್ದಳೆ ಕೇಳಿದ ಹಾಗೆ ಕೇಳಿಕೊಂಡು ಬಂದಿದ್ದೇನೆ. ಪ್ರಸಂಗ ಎಲ್ಲರಿಗೂ ಗೊತ್ತು. ಇಂದಿನ ಅರ್ಥಧಾರಿ ಎಲ್ಲಿಂದ ಏನನ್ನು ಎಳೆದು ತರುತ್ತಾನೆ ಎಂಬುದಷ್ಟೇ ಕುತೂಹಲ.

ಬ್ರಿಟನ್ನಿನಲ್ಲಿ ಕಂಪನಿಗಳಿಗೆ ಬರವೇ? ದೇಶದ ರಾಜಕೀಯವನ್ನೆಲ್ಲ ಈ ಒಂದು ಷೇರಿನ ಬೆನ್ನಿಗೆ ಹೇರಿದ್ದಕ್ಕೆ ಕಾರಣವಿದೆ. 1765ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ, ಕಪ್ಪು ಕುದುರೆಯ ಲಾಂಛನದ ಈ ಬ್ಯಾಂಕಿನ ವ್ಯವಹಾರ ಹೆಚ್ಚುಕಡಿಮೆ ಪೂರ್ತಿ ಬ್ರಿಟನ್ನಿನೊಳಗೇ ನಡೆಯುತ್ತದೆ. ಮನೆ ಸಾಲದಲ್ಲಂತೂ ಇದೇ ದೊಡ್ಡಣ್ಣ. ಜನರ ಕೆಲಸ ಹೋದರೆ ಸಾಲದ ಕಂತು ನಿಲ್ಲುತ್ತದೆ, ಬಡ್ಡಿ ದರ ಇಳಿದರೆ ಬ್ಯಾಂಕಿನ ಲಾಭ ಸವೆಯುತ್ತದೆ. ಎಣ್ಣೆ, ಗಣಿ, ಔಷಧದ ಕಂಪನಿಗಳು ಡಾಲರಿನಲ್ಲಿ ಗಳಿಸುತ್ತವೆ. ಪೌಂಡ್ ಬಿದ್ದಷ್ಟೂ ಅವುಗಳ ಲೆಕ್ಕ ಉಬ್ಬುತ್ತದೆ. ಲಾಯ್ಡ್ಸಿಗೆ ಆ ಭಾಗ್ಯವಿಲ್ಲ. ಮೇಲಾಗಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಇದರ ಷೇರುದಾರರು. ಆ ವರ್ಷಗಳಲ್ಲಿ ಷೇರು ಅಗ್ಗ, ಒಂದು ಪೌಂಡಿಗೂ ಕಡಿಮೆ ಇತ್ತು. ಆದ್ದರಿಂದ ಪಿಂಚಣಿದಾರರ ಕೈಯಲ್ಲೂ ಸಾವಿರಗಟ್ಟಲೆ ಷೇರು ಸೇರಿರುತ್ತಿತ್ತು. ಆಗ ಚಲಾವಣೆಯಲ್ಲಿದ್ದ ಷೇರುಗಳು ಸುಮಾರು 7,000 ಕೋಟಿ. ಒಂದು ಪೆನ್ನಿ ಅಲುಗಿದರೆ 70 ಕೋಟಿ ಪೌಂಡ್ ಅತ್ತಿತ್ತ ಆಗುತ್ತದೆ. ಅರ್ಧ ಪೆನ್ನಿಗೆ ಜಗಳವಾಡುವವರನ್ನು ಜಿಪುಣರೆಂದು ನಗುವ ಮೊದಲು ಈ ಗುಣಾಕಾರ ಮಾಡಬೇಕು.

2016ರ ಜೂನ್ 23ರಂದು ಜನಮತಗಣನೆ ನಡೆಯಿತು. ಯುರೋಪಿಯನ್ ಒಕ್ಕೂಟ ಬಿಡುವವರು ಶೇ. 51.9, ಉಳಿಯುವವರು ಶೇ. 48.1. ಆ ಸಂಜೆ 72 ಪೆನ್ಸ್ ಆಸುಪಾಸಿನಲ್ಲಿದ್ದ ಷೇರು ಮರುದಿನ ಐದನೇ ಒಂದು ಭಾಗ ಕಳೆದುಕೊಂಡಿತು, ಸೋಮವಾರ ಮತ್ತೂ ಇಳಿಯಿತು. ಪ್ರಧಾನಿ ಕ್ಯಾಮರೂನ್ ರಾಜೀನಾಮೆ ಘೋಷಿಸಿದರು, ಪೌಂಡ್ ಮೂವತ್ತು ವರ್ಷಗಳ ತಳ ಕಂಡಿತು. ವಿಚಿತ್ರವೆಂದರೆ ಲಂಡನ್ನಿನ ಮುಖ್ಯ ಸೂಚ್ಯಂಕ ಎಫ್‌ಟಿಎಸ್‌ಇ 100 ಒಂದೇ ವಾರದಲ್ಲಿ ಎದ್ದು ನಿಂತು ಜನಮತಗಣನೆಯ ಹಿಂದಿನ ಮಟ್ಟವನ್ನೂ ದಾಟಿತು. ಈಗ ಇಬ್ಬರಿಗೂ ಸಾಕ್ಷಿ ಸಿಕ್ಕಿತು. ಸೂಚ್ಯಂಕ ನೋಡಿ, ಏನಾಯಿತು ನಿಮ್ಮ ಹೆದರಿಕೆಗೆ ಎಂದು ಒಬ್ಬರು. ಬ್ಯಾಂಕಿನ ಷೇರು ನೋಡಿ, ಆಮೇಲೆ ಮಾತಾಡಿ ಎಂದು ಇನ್ನೊಬ್ಬರು. ಇಬ್ಬರೂ ಹೇಳಿದ್ದು ನಿಜವೇ. ಅದೇ ತೊಂದರೆ.

ಬಹಳ ದಿನ ಕೇಳಿದ ಮೇಲೆ ನನಗೊಂದು ಅನುಮಾನ ಬಲವಾಯಿತು. ಇವರಲ್ಲಿ ಯಾರು ಯಾವ ಪಕ್ಷ ಎಂದು ತಿಳಿಯಲು ಯಾರಿಗೆ ಮತ ಹಾಕಿದಿರಿ ಎಂದು ಕೇಳಬೇಕಿಲ್ಲ, ಎಷ್ಟಕ್ಕೆ ಕೊಂಡಿರಿ ಎಂದು ಕೇಳಿದರೆ ಸಾಕು. 72ಕ್ಕೆ ಕೊಂಡವರಿಗೆ ಬ್ರೆಕ್ಸಿಟ್ ಇತಿಹಾಸದ ಮಹಾ ಪ್ರಮಾದ. ಆ ಜೂನ್ ಕೊನೆಯಲ್ಲಿ 50ರ ಆಸುಪಾಸಿನಲ್ಲಿ ಬಾಚಿಕೊಂಡವರಿಗೆ ಅದು ಸ್ವಾತಂತ್ರ್ಯದ ಉದಯ. 72ಕ್ಕೆ ಕೊಂಡು, 60ಕ್ಕೆ ಮತ್ತಷ್ಟು ಕೊಂಡು, 50ಕ್ಕೆ ಇನ್ನಷ್ಟು ಕೊಂಡು ಆವರೇಜ್ ಬೆಲೆ ಇಳಿಸಿಕೊಂಡವರು ಮಾತ್ರ ತಾಟಸ್ಥ್ಯ ತಾಳುತ್ತಾರೆ: ಎರಡೂ ಪಕ್ಷಗಳು ಕೆಟ್ಟವು, ಸಂಸತ್ತನ್ನೇ ಮುಚ್ಚಬೇಕು ಎನ್ನುತ್ತಾರೆ. ಬಿಡುವ ಕಡೆಗೆ ಮತ ಹಾಕಿ 72ಕ್ಕೆ ಕೊಂಡವರ ಪಾಡು ಎಲ್ಲರಿಗಿಂತ ಕಷ್ಟ. ಅವರ ವಾದದಲ್ಲಿ ಷೇರನ್ನು ಬೀಳಿಸಿದ್ದು ಬ್ರೆಕ್ಸಿಟ್ ಅಲ್ಲ, ಅದನ್ನು ಬೇಗ ಮುಗಿಸದೆ ಎಳೆದಾಡಿದ ಸಂಸದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ನೆನಪಾಗುತ್ತದೆ. ಆದರೆ ಆ ಮೂರು ವರ್ಷ ಬ್ರಿಟನ್ನಿನ ಸಂಸತ್ತಿರುವ ವೆಸ್ಟ್‌ಮಿನ್‌ಸ್ಟರಿನ ನೆಲ ನಿಜಕ್ಕೂ ಡೊಂಕಾಗಿತ್ತು.

2019ರ ಜನವರಿ 15ನ್ನೇ ನೋಡಿ. ಕ್ಯಾಮರೂನ್ ನಂತರ ಪ್ರಧಾನಿಯಾದ ಥೆರೇಸಾ ಮೇ ತಂದ ಬ್ರೆಕ್ಸಿಟ್ ಒಪ್ಪಂದ ಸಂಸತ್ತಿನಲ್ಲಿ 202ಕ್ಕೆ 432 ಮತಗಳಿಂದ ಬಿದ್ದುಹೋಯಿತು. ಇನ್ನೇನು ಪ್ರಳಯ ಎಂದು ಎಲ್ಲರೂ ಪೌಂಡಿನ ಕಡೆ ನೋಡಿದರೆ, ಅದು ಒಮ್ಮೆ ಮುಗ್ಗರಿಸಿ ಆ ರಾತ್ರಿಯೇ ಚೇತರಿಸಿಕೊಂಡಿತು. ಸೋಲು ಇಷ್ಟು ದೊಡ್ಡದಾದರೆ ಒಪ್ಪಂದವಿಲ್ಲದೆ ಹೊರಬೀಳುವ ಸಾಧ್ಯತೆ ಕಡಿಮೆ ಎಂದು ಪೇಟೆ ಲೆಕ್ಕ ಹಾಕಿತಂತೆ. ಪೇಟೆ ಲೆಕ್ಕ ಹಾಕಿತು ಎಂದು ಮರುದಿನ ಎಲ್ಲರೂ ಹೇಳುತ್ತಾರೆ, ಹಿಂದಿನ ದಿನ ಯಾರೂ ಹೇಳುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಕಲ್ಪಿಸಿ ಸಂಜೆಯೊಳಗೆ ವರದಿ ಬರೆಯುವುದೇ ಒಂದು ಉದ್ಯೋಗ. ಆ ವರ್ಷದ ಡಿಸೆಂಬರಿನ ಚುನಾವಣೆಯಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ 80 ಸ್ಥಾನಗಳ ಬಹುಮತದಿಂದ ಗೆದ್ದ ಮರುದಿನ ಲಾಯ್ಡ್ಸ್ ಷೇರು ಜಿಗಿಯಿತು. ಗೆದ್ದದ್ದು ಬ್ರೆಕ್ಸಿಟ್ಟೋ, ಸೋತದ್ದು ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ನೋ, ಪೇಟೆ ಸಂತೋಷಪಟ್ಟದ್ದು ಯಾವುದಕ್ಕೆ ಎಂಬ ಚರ್ಚೆ ಕ್ರಿಸ್‌ಮಸ್ ತನಕ ಎಳೆಯಿತು.

ಈ ಗದ್ದಲದಲ್ಲಿ ಬ್ಯಾಂಕಿನ ತಿಜೋರಿಯನ್ನು ನಿಜವಾಗಿ ಖಾಲಿ ಮಾಡುತ್ತಿದ್ದದ್ದು ಬೇರೆಯೇ. ಸಾಲ ಕೊಡುವಾಗ ಅದರ ಜತೆಗೆ ಗ್ರಾಹಕರ ತಲೆಗೆ ಕಟ್ಟಿದ್ದ ಪಿಪಿಐ ಎಂಬ ವಿಮೆ ಅದು. ಬೇಡದವರಿಗೂ ಮಾರಿದ್ದ ಆ ಪಾಪಕ್ಕೆ ಪರಿಹಾರ ಕೇಳಲು 2019ರ ಆಗಸ್ಟ್ 29 ಕಡೇ ದಿನ ಎಂದು ಸಾರಿದ್ದೇ ತಡ, ಅರ್ಜಿಗಳ ಪ್ರವಾಹ ಬಂತು. ಲಾಯ್ಡ್ಸ್ ತೆತ್ತ ಒಟ್ಟು ದಂಡ ಸುಮಾರು 2,190 ಕೋಟಿ ಪೌಂಡ್. 2008ರ ಬಿಕ್ಕಟ್ಟಿನಲ್ಲಿ ಇದೇ ಬ್ಯಾಂಕನ್ನು ಉಳಿಸಲು ಸರ್ಕಾರ ಸುರಿದದ್ದು 2,030 ಕೋಟಿ. ಸರ್ಕಾರ 2017ರ ಮೇ ತಿಂಗಳಲ್ಲಿ ಕೊನೆಯ ಷೇರನ್ನೂ ಮಾರಿ ಹಾಕಿದ್ದಕ್ಕಿಂತ ತುಸು ಹೆಚ್ಚನ್ನೇ ವಾಪಸ್ ಪಡೆಯಿತು. ಉಳಿಸಿದ ದುಡ್ಡಿಗಿಂತ ಪ್ರಾಯಶ್ಚಿತ್ತದ ದುಡ್ಡೇ ಜಾಸ್ತಿ! ಆದರೂ ಪಿಪಿಐ ವಿಷಯ ಎತ್ತಿದರೆ ಯಾರಿಗೂ ರಕ್ತ ಬಿಸಿಯಾಗುತ್ತಿರಲಿಲ್ಲ. ಅದರಲ್ಲಿ ಬೈಯಲು ಎದುರಾಳಿ ಪಕ್ಷ ಇರಲಿಲ್ಲವಲ್ಲ.

ಹಳೆಯ ಷೇರುದಾರರ ಸಿಟ್ಟು ಇನ್ನೂ ಹಿಂದಿನದು. 2008ರಲ್ಲಿ ಮುಳುಗುತ್ತಿದ್ದ ಎಚ್‌ಬಿಒಎಸ್ ಬ್ಯಾಂಕನ್ನು ಲಾಯ್ಡ್ಸಿನ ಕೊರಳಿಗೆ ಕಟ್ಟಿದ್ದು ಆಗಿನ ಪ್ರಧಾನಿ ಗಾರ್ಡನ್ ಬ್ರೌನ್ ಎಂದು ಅವರು ಇವತ್ತಿಗೂ ಹಲ್ಲು ಕಡಿಯುತ್ತಾರೆ. ಸುಮಾರು ಆರು ಸಾವಿರ ಷೇರುದಾರರು ಬ್ಯಾಂಕಿನ ಮೇಲೆ ಕೋರ್ಟಿಗೂ ಹೋದರು. 2019ರ ನವೆಂಬರಿನಲ್ಲಿ ಸೋತರು. ಇವರಿಗೆ ಬ್ರೆಕ್ಸಿಟ್ ನಿನ್ನೆ ಮೊನ್ನೆಯ ಹುಡುಗಾಟ.

ಈ ಜಗಳದ ಒಂದು ಕಿಡಿ ಬೆಂಗಳೂರಿಗೂ ಹಾರಿತ್ತು. 2016ರ ಆಗಸ್ಟ್ 4ರಂದು, ಜನಮತಗಣನೆಯ ಪೆಟ್ಟು ತಗ್ಗಿಸಲೆಂದು, ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರವನ್ನು ಶೇ. 0.25ಕ್ಕೆ ಇಳಿಸಿತು. ಮರುದಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ತಾನು ಕಟ್ಟಲು ಹೊರಟಿದ್ದ ವಿಲಿಯಮ್ಸ್ ಆ್ಯಂಡ್ ಗ್ಲಿನ್ ಎಂಬ ಪ್ರತ್ಯೇಕ ಬ್ಯಾಂಕಿನ ಯೋಜನೆಯನ್ನು ಕೈಬಿಟ್ಟಿತು. ಅದರ ತಂತ್ರಾಂಶದ ಕೆಲಸ ಇದ್ದದ್ದು ಇನ್ಫೋಸಿಸ್ ಬಳಿ. ಸುಮಾರು 3,000 ಮಂದಿಯನ್ನು, ಹೆಚ್ಚಿನವರು ಭಾರತದಲ್ಲಿದ್ದವರು, ಆ ಕೆಲಸದಿಂದ ಹಿಂದಕ್ಕೆ ಪಡೆಯುವುದಾಗಿ ಕಂಪನಿ ಹೇಳಿತು. ಓಟಿನ ಹಕ್ಕಿಲ್ಲದ ಕಡೆಯೂ ಓಟಿನ ಬಿಸಿ ತಟ್ಟುತ್ತದೆ. ಇನ್ಫೋಸಿಸ್ ಷೇರು ಹಿಡಿದಿದ್ದ ನಮ್ಮವರು ಅಂದು ಯಾರನ್ನು ಬೈದರೋ. ನಮ್ಮಲ್ಲೂ ಕೊಂಡ ಬೆಲೆಯ ಮೇಲೆಯೇ ನಿರ್ಧಾರವಾಗಿರಬೇಕು.

2020ರ ಮಾರ್ಚ್ 31ರಂದು, ಕೋವಿಡ್ ನೆಪದಲ್ಲಿ, ಬ್ರಿಟನ್ನಿನ ನಿಯಂತ್ರಕರು ಬ್ಯಾಂಕುಗಳ ಲಾಭಾಂಶವನ್ನೇ ನಿಲ್ಲಿಸಿದರು. ಮೇ ತಿಂಗಳಿಗೆ ಕಾದಿದ್ದ ಷೇರಿಗೆ 2.25 ಪೆನ್ಸ್ ಹೋಯಿತು. ಆ ಸೆಪ್ಟೆಂಬರಿನಲ್ಲಿ ಷೇರು 25 ಪೆನ್ಸಿನ ಆಸುಪಾಸಿಗೆ ಇಳಿಯಿತು. ಎರಡೂ ಬಣದವರು ಒಂದಾಗಿ ಬೈದದ್ದನ್ನು ನಾನು ಕಂಡದ್ದು ಆಗ ಮಾತ್ರ. ಆ ಐಕ್ಯ ಹೆಚ್ಚು ಕಾಲ ಬಾಳಲಿಲ್ಲ. ಒಬ್ಬರು, ಇದಕ್ಕೆ ಮೊದಲೇ ಬ್ರೆಕ್ಸಿಟ್ಟಿನಿಂದ ಬ್ಯಾಂಕು ಬಡಕಲಾಗಿತ್ತು ಎಂದರು. ಸರಿ, ಮತ್ತೆ ಚೆಂಡೆಗೆ ಪೆಟ್ಟು ಬಿತ್ತು.

2025ರಲ್ಲಿ ಷೇರು 70ರ ಗೆರೆ ದಾಟಿ ಮೇಲಕ್ಕೆ ಹೋಯಿತು. ಗೆದ್ದೆವು ಎಂದು ಒಂದು ಬಣ ಕೇಕೆ ಹಾಕಿದರೆ, ಒಂಬತ್ತು ವರ್ಷದ ಬೆಲೆಯೇರಿಕೆ ಕಳೆದು ಲೆಕ್ಕ ಹಾಕಿ ಎಂದು ಇನ್ನೊಂದು ಬಣ ಕ್ಯಾಲ್ಕುಲೇಟರ್ ಹಿಡಿಯಿತು. ಅಷ್ಟರಲ್ಲಿ ಕಾರು ಸಾಲದ ಗುಪ್ತ ಕಮಿಷನ್ನಿನ ಹಗರಣ ಬಂತು. ಅದಕ್ಕಾಗಿ ಬ್ಯಾಂಕು 195 ಕೋಟಿ ಪೌಂಡ್ ತೆಗೆದಿರಿಸಿದೆ. ಈ ಕಾರು ಸಾಲ ಕೊಟ್ಟಾಗ ಅಧಿಕಾರದಲ್ಲಿದ್ದ ಪಕ್ಷ ಯಾವುದು ಎಂಬ ವಿಚಾರಣೆಯನ್ನು ಅವರು ಈಗಾಗಲೇ ಕೈಗೆತ್ತಿಕೊಂಡಿದ್ದಾರೆ.