ಕಾಫಿ ಗಿಡವಿಲ್ಲದ ಕೊಡಗು

ಝೀರೋ ಎ.ಡಿ. ಎಂಬ ಪ್ರಾಚೀನ ಕಾಲದ ಯುದ್ಧದ ಕಂಪ್ಯೂಟರ್ ಆಟಕ್ಕೆ ಕೊಡಗಿನ ನಕ್ಷೆ ಮಾಡಲು ಕೂತವರು ಮೊದಲು ಮಾಡಬೇಕಾದ ಕೆಲಸ ಕಾಫಿ ಗಿಡ ಕೀಳುವುದು. ಆಮೇಲೆ ಸಿಲ್ವರ್ ಓಕ್ ಕಡಿಯುವುದು. ಆಮೇಲೆ ಕೊಡವರ ಹಿರಿಮನೆಯಾದ ಐನ್‌ಮನೆಯ ಗೋಡೆಯಿಂದ ಕೋವಿ ಇಳಿಸುವುದು. ಅಷ್ಟರಲ್ಲಿ ಬೆನ್ನ ಹಿಂದೆ ನಿಂತ ದೊಡ್ಡಪ್ಪ "ಅಲ್ಲ ಮಗಾ, ಇದೆಲ್ಲ ತೆಗೆದ ಮೇಲೆ ಕೊಡಗು ಅಂತ ಏನು ಉಳೀತು?" ಎಂದು ಕೇಳದೆ ಬಿಡುವುದಿಲ್ಲ. ಇಂಥ ಕೆಲಸಕ್ಕೆ ಕೂತ ಪ್ರತಿಯೊಬ್ಬರ ಹಿಂದೆಯೂ ಒಬ್ಬ ದೊಡ್ಡಪ್ಪ ನಿಂತೇ ಇರುತ್ತಾರೆ. ಅವರನ್ನು ಅನ್‌ಇನ್‌ಸ್ಟಾಲ್ ಮಾಡಲು ಬರುವುದಿಲ್ಲ.

ತಪ್ಪು ಆಟದ್ದಲ್ಲ. ಅದು ಹಾಕಿಕೊಂಡ ಕಾಲದ ಬೇಲಿ ಕ್ರಿ.ಪೂ. 500ರಿಂದ ಕ್ರಿ.ಶ. 500. ಬಾಬಾ ಬುಡನ್ ಕಾಫಿ ಬೀಜ ತಂದರೆಂದು ಹೇಳುವುದು 17ನೇ ಶತಮಾನದಲ್ಲಿ, ಅದೂ ಚಿಕ್ಕಮಗಳೂರಿಗೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಮೆಣಸಿನಕಾಯಿ ಅಮೆರಿಕದಿಂದ ಹೊರಟು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಕೊಡಗು ಆಳಿದ ಹಾಲೇರಿ ಅರಸರನ್ನಾದರೂ ಸೇರಿಸಿ ಎನ್ನುವವರಿಗೂ ಅದೇ ಉತ್ತರ: ಮುದ್ದುರಾಜ ಮಡಿಕೇರಿಗೆ ರಾಜಧಾನಿ ತಂದದ್ದು 1681ರಲ್ಲಿ, ಬೇಲಿ ಮುಚ್ಚಿ ಸುಮಾರು 1,180 ವರ್ಷವಾದ ಮೇಲೆ. ಇನ್ನು ಉಳಿದದ್ದು ಬಿದಿರು, ಆನೆ, ಕಾಡುಹಂದಿ, ಕಾಚಂಪುಳಿ ಮತ್ತು ಕಾಳುಮೆಣಸು. ರೋಮನ್ನರು ಮಲಬಾರಿನ ಬಂದರುಗಳಿಂದ ಚಿನ್ನ ಸುರಿದು ಕಾಳುಮೆಣಸು ಒಯ್ಯುತ್ತಿದ್ದ ಕಾಲವೂ ಈ ಬೇಲಿಯ ಒಳಗೇ ಬರುತ್ತದೆ. ಒಟ್ಟಿನಲ್ಲಿ ಪಂದಿಕರಿ ಮಾಡಬಹುದು, ಹಸಿಮೆಣಸು ಮಾತ್ರ ಕೇಳಬಾರದು.

ಆಟದ ಪೂರ್ವಾಪರವನ್ನು ಬೇಗ ಮುಗಿಸೋಣ. 2000ದ ದಶಕದ ಆರಂಭದಲ್ಲಿ ಏಜ್ ಆಫ್ ಎಂಪೈರ್ಸ್ 2 ಎಂಬ ಆಟದ ಮೇಲೆ ಕಟ್ಟುವ ಮಾಡ್ (ಇರುವ ಆಟಕ್ಕೆ ಹೊರಗಿನವರು ಮಾಡುವ ಮಾರ್ಪಾಡು) ಎಂಬ ಯೋಚನೆಯಾಗಿ ಹುಟ್ಟಿತು. ಆಮೇಲೆ ಆಟವನ್ನು ನಡೆಸಲು ಪೈರೋಜೆನೆಸಿಸ್ ಎಂಬ ಸ್ವಂತ ಎಂಜಿನ್ ಕಟ್ಟಿಕೊಂಡು, 2009ರಲ್ಲಿ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಕೋಡಿಗೆ ಜಿಪಿಎಲ್ ಪರವಾನಗಿ, ಚಿತ್ರ-ಶಬ್ದಗಳಿಗೆ ಕ್ರಿಯೇಟಿವ್ ಕಾಮನ್ಸ್. ಆವೃತ್ತಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಸರದಿಯಲ್ಲಿ ಹೆಸರಿಡುತ್ತಾರೆ: 10ನೆಯದು ಝೇಲಂ, 13ನೆಯದು ಮಗಧ, 16ನೆಯದು ಪತಂಜಲಿ. 26 ಅಕ್ಷರಗಳೂ ಖರ್ಚಾದ ಮೇಲೆ 2025ರ ಜನವರಿಯಲ್ಲಿ ಬಂದ 27ನೆಯದಕ್ಕೆ ಮತ್ತೆ ಮೊದಲಿನಿಂದ ಹಿಡಿದು 'ಅಗ್ನಿ' ಎಂದಿಟ್ಟರು. ಅಷ್ಟಾದರೂ ಅದು 'ಆಲ್ಫಾ'ವೇ, ಅಂದರೆ ಇನ್ನೂ ಮುಗಿಯದ ಆವೃತ್ತಿಯೇ ಆಗಿತ್ತು. ಮಳೆಗಾಲ ನೋಡಿಕೊಂಡು ಮನೆ ಕಟ್ಟಿಸುವ ನಮ್ಮ ಕಡೆಯವರಿಗೆ ಈ ವೇಗ ಹೊಸದೇನಲ್ಲ.

ಹೊಸಬರ ಉತ್ಸಾಹ ಸಾಮಾನ್ಯವಾಗಿ ಜುಲೈಯಲ್ಲೇ ಉಕ್ಕುತ್ತದೆ, ತೋಟದ ಕೆಲಸ ಕಡಿಮೆ ನೋಡಿ. ಆಗ ಇಡೀ ಮೂಲ ಕೋಡನ್ನೇ ಇಳಿಸಲು ಹೊರಡುತ್ತಾರೆ. ಹಲವು ಜಿಬಿಯ ಹೊರೆ ಅದು. ಗಿಟ್ ಕ್ಲೋನ್, ಅಂದರೆ ಆ ಕೋಡಿನ ಪೂರ್ತಿ ಪ್ರತಿ ಇಳಿಸುವ ಕೆಲಸ, ನಡುವೆ ತುಂಡಾದರೆ ತುಂಡಾದಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಸೊನ್ನೆಯಿಂದ ಶುರು. ಗಾಳಿಗೆ ಮರ ಲೈನಿನ ಮೇಲೆ ಬಿದ್ದ ದಿನ ಇದನ್ನು ಮಾಡುವುದು ಶಿಕ್ಷೆ. ನಕ್ಷೆ, ಮರ, ಆನೆ ಮಾಡುವವರಿಗೆ ಮೂಲ ಕೋಡ್ ಬೇಕಾಗಿಯೇ ಇಲ್ಲ. ಬಿಡುಗಡೆಯಾದ ಆಟವನ್ನು ಟೊರೆಂಟಿನಲ್ಲಿ ಇಳಿಸಿದರೆ ಕರೆಂಟು ಎಷ್ಟು ಸಲ ಹೋದರೂ ಇಳಿದಷ್ಟು ಇಳಿದೇ ಇರುತ್ತದೆ. ಎಂಜಿನ್ನಿಗೇ ಕೈ ಹಾಕುವ ಹಟವಿದ್ದರೆ ಕ್ಲೋನ್ ಮಾಡುವಾಗ ಡೆಪ್ತ್ 1 ಎಂದು ಕೊಟ್ಟು ಹಳೆಯ ಇತಿಹಾಸವನ್ನು ಬಿಟ್ಟುಬಿಡಿ. ಕಂಪೈಲ್ ಮಾಡುವಾಗ, ಅಂದರೆ ಕೋಡನ್ನು ಓಡುವ ಆಟವಾಗಿಸುವಾಗ, 8 ಜಿಬಿ ಮೆಮೊರಿಯ ಯಂತ್ರಕ್ಕೆ ಒಟ್ಟಿಗೆ ಮೂರು ನಾಲ್ಕಕ್ಕಿಂತ ಹೆಚ್ಚು ಕೆಲಸ ಹಚ್ಚಬೇಡಿ. ಮೆಮೊರಿ ತುಂಬಿ ಮೌಸೂ ಅಲುಗಾಡದೆ ನಿಲ್ಲುತ್ತದೆ. ಡೆಸ್ಕ್‌ಟಾಪ್ ಇಟ್ಟುಕೊಂಡವರು ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನೂ ಒಮ್ಮೆ ನೋಡಬೇಕು. ಅದು 'ನಾರ್ಮಲ್'ನಲ್ಲಿದ್ದರೆ ಕರೆಂಟು ಹೋದ ಕ್ಷಣ ಫ್ಯಾನು ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. 'ಯುಪಿಎಸ್' ಕಡೆ ತಳ್ಳಿದರೆ ಆಯಿತು.

ನಿಜವಾದ ರಗಳೆ ಶುರುವಾಗುವುದು ಅಟ್ಲಾಸ್ ಎಂಬ ನಕ್ಷೆ ತಯಾರಿಕೆಯ ಉಪಕರಣ ತೆರೆದಾಗ. ಅಲ್ಲಿ ನೆಲವೆಂದರೆ ಬದಿಗೆ 4 ಮೀಟರಿನ ಚೌಕಗಳ ಹಾಸು. 'ನಾರ್ಮಲ್' ಅಳತೆಯ ನಕ್ಷೆ ಬದಿಗೆ 320 ಚೌಕ, ಅಂದರೆ 1,280 ಮೀಟರ್. ವಿರಾಜಪೇಟೆಯ ಒಂದು ದೊಡ್ಡ ತೋಟ. ಎತ್ತರವನ್ನು 16 ಬಿಟ್ ಸಂಖ್ಯೆಯಲ್ಲಿ, ಮೀಟರಿಗೆ 92 ಪಾಲಿನಂತೆ ಇಡುತ್ತದೆ. 65,535ನ್ನು 92ರಿಂದ ಭಾಗಿಸಿದರೆ ಬರುವುದು 712 ಮೀಟರ್. ತಡಿಯಂಡಮೋಳ್ 1,748 ಮೀಟರ್. ಬೆಟ್ಟವನ್ನು ಸೊಂಟದ ಕೆಳಗೇ ಕತ್ತರಿಸದೆ ಬೇರೆ ದಾರಿಯಿಲ್ಲ. ಉಪಗ್ರಹದ ಎತ್ತರದ ಮಾಹಿತಿಯನ್ನು ಕಪ್ಪು-ಬಿಳುಪು ಚಿತ್ರವಾಗಿ ತಂದು ಹಾಕುವವರಿಗೆ ಇನ್ನೊಂದು ಬೋನಸ್ ಕಾದಿರುತ್ತದೆ. 8 ಬಿಟ್ ಚಿತ್ರದಲ್ಲಿರುವುದು 256 ಹಂತ ಮಾತ್ರ. ಹಾಗಾಗಿ ಇಡೀ ಬೆಟ್ಟ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನೋಡಿದವರು "ಗದ್ದೆ ಚೆನ್ನಾಗಿ ಬಂದಿದೆ" ಎಂದು ಮೆಚ್ಚಿಕೊಂಡರೆ ಸುಮ್ಮನಿರಿ. ಇಲ್ಲವಾದರೆ ಸ್ಮೂತ್ ಕುಂಚ ಹಿಡಿದು ಉಜ್ಜುತ್ತಾ ಕೂರಿ.

ಬೆಟ್ಟ ಗಿಡ್ಡವಾದದ್ದನ್ನು ಜನ ಕ್ಷಮಿಸಬಹುದು, ತಲಕಾವೇರಿಯ ವಿಷಯ ಹಾಗಲ್ಲ. ಈ ಎಂಜಿನ್ನಿನಲ್ಲಿ ಇಡೀ ನಕ್ಷೆಗೆ ನೀರಿನ ಮಟ್ಟ ಒಂದೇ. ನೆಲ ಆ ಮಟ್ಟಕ್ಕಿಂತ ಕೆಳಗಿದ್ದರೆ ನೀರು, ಮೇಲಿದ್ದರೆ ಒಣ ನೆಲ. ಬ್ರಹ್ಮಗಿರಿಯ ತಪ್ಪಲಲ್ಲಿ ಹುಟ್ಟಿ ಭಾಗಮಂಡಲಕ್ಕೆ ಇಳಿದು ಬರುವ ಕಾವೇರಿ ಎಂಬುದೇ ಇಲ್ಲಿ ಸಾಧ್ಯವಿಲ್ಲ. ಆಕೆ ಇಡೀ ದಾರಿ ಒಂದೇ ಮಟ್ಟದಲ್ಲಿ ಕೊರೆದ ಕಾಲುವೆಯಲ್ಲಿ ಮಲಗಿರಬೇಕು. ತಲಕಾವೇರಿಯ ಪುಟ್ಟ ಕೊಳವಾದ ಕುಂಡಿಕೆಯಲ್ಲಿ ನೀರು ತೋರಿಸಲು ನೀರಿನ ಮಟ್ಟವನ್ನು ಅಲ್ಲಿವರೆಗೆ ಏರಿಸಿದರೆ ತೀರ್ಥೋದ್ಭವ ಆಗುತ್ತದೆ, ಜೊತೆಗೆ ಮಡಿಕೇರಿ, ಸೋಮವಾರಪೇಟೆ, ಕುಶಾಲನಗರ ಮೂರೂ ಮುಳುಗುತ್ತವೆ. ತುಲಾ ಸಂಕ್ರಮಣದ ಹೊತ್ತಿಗೆ ಇದನ್ನು ಹಿರಿಯರಿಗೆ ತೋರಿಸುವುದು ಬೇಡ. ದಾರಿ ಒಂದೇ: ನೀಲಿ ಬಣ್ಣದ ತೆಳು ಹಾಳೆಯೊಂದನ್ನು ಬ್ಲೆಂಡರ್ ಎಂಬ 3ಡಿ ಆಕೃತಿ ಮಾಡುವ ತಂತ್ರಾಂಶದಲ್ಲಿ ಮಾಡಿ 'ಆ್ಯಕ್ಟರ್' ಆಗಿ ಕುಂಡಿಕೆಯೊಳಗೆ ಇಡುವುದು. ಅದು ಬರೀ ನೋಟಕ್ಕೆ. ಯಾರೂ ಮುಳುಗೇಳಲು ಸಾಧ್ಯವಿಲ್ಲ.

ಇದೇ ಒಂದೇ ಮಟ್ಟದ ನೀರು ಕಡಂಗಕ್ಕೂ ಕಾಟ ಕೊಡುತ್ತದೆ. ಹಿಂದಿನವರು ಕಾದಾಟಕ್ಕೆ ತೋಡಿದ ಆ ಕಂದಕಗಳಿಲ್ಲದೆ ಕೊಡಗಿನ ಯುದ್ಧಭೂಮಿ ಪೂರ್ತಿಯಾಗದು ಎಂದು ಯಾರಾದರೂ ಹೇಳುತ್ತಾರೆ, ನಕ್ಷೆ ಮಾಡುವವರು ಉಮೇದಿನಲ್ಲಿ ಆಳವಾಗಿ ತೋಡುತ್ತಾರೆ, ತಳ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ಕಡಂಗವೆಲ್ಲ ನಾಲೆಯಾಗುತ್ತದೆ. ನೀರಿನ ಆಳ 2 ಮೀಟರ್ ದಾಟಿದರೆ ಕಾಲಾಳುಗಳು ಇಳಿಯುವುದಿಲ್ಲ. ಆದ್ದರಿಂದ ಮೊದಲು ಇಡೀ ನೆಲವನ್ನು ಎತ್ತರಿಸಿಕೊಂಡು ಆಮೇಲೆ ತೋಡಬೇಕು. ಅಲ್ಲಿಗೂ ಮುಗಿಯಲಿಲ್ಲ. ಅಂಚು ಕಡಿದಾದರೆ ದಾರಿ ಹುಡುಕುವ ಲೆಕ್ಕ ಅದನ್ನು ಗೋಡೆಯೆಂದೇ ತಿಳಿಯುತ್ತದೆ. ಶತ್ರು ಒಳಗೆ ಬರುವುದಿಲ್ಲ, ನಮ್ಮ ಸೈನ್ಯ ಹೊರಗೆ ಹೋಗುವುದಿಲ್ಲ, ಇಬ್ಬರೂ ಭತ್ತ ಬೆಳೆದುಕೊಂಡು ಸುಖವಾಗಿರುತ್ತಾರೆ. ಒಂದು ಚೌಕದಷ್ಟು ಅಗಲದ ಇಳಿಜಾರು ಬಿಟ್ಟರೆ ಕಾಲಾಳು ದಾಟುತ್ತಾರೆ, ಆನೆ ದಾಟುವುದಿಲ್ಲ. ಏಕೆಂದರೆ ಆನೆ 'ಲಾರ್ಜ್' ಎಂಬ ಬೇರೆ ವರ್ಗಕ್ಕೆ ಸೇರಿದ್ದು, ಅದಕ್ಕೆ ಸುತ್ತ ಹೆಚ್ಚು ಜಾಗ ಬೇಕು. ಇಳಿಜಾರನ್ನು ಐದಾರು ಚೌಕ ಅಗಲ ಬಿಡುವುದು ಕ್ಷೇಮ. ಆಟದೊಳಗೆ ಆಲ್ಟ್ ಮತ್ತು ಡಿ ಒತ್ತಿದರೆ ಬರುವ ಡೆವಲಪರ್ ಪಟ್ಟಿಯಲ್ಲಿ ಪಾತ್‌ಫೈಂಡರ್ ಪದರವನ್ನು ಹಾಕಿ ನೋಡಿದರೆ ಎಲ್ಲಿ ದಾರಿ ಮುಚ್ಚಿದೆ ಎಂದು ಬಣ್ಣದಲ್ಲೇ ಕಾಣುತ್ತದೆ. ಇದನ್ನು ನೋಡದೆ "ಆನೆಗೆ ಬುದ್ಧಿಯಿಲ್ಲ" ಎಂದು ಬೈಯುವವರೇ ಹೆಚ್ಚು.

ಮರಗಳದ್ದು ಅತಿಪ್ರೀತಿಯ ಸಮಸ್ಯೆ. ದೇವರಕಾಡಿನ ನಾಡಿನವರು ಬೋಳು ಜಾಗ ಸಹಿಸುವುದಿಲ್ಲ. ಮೂಲೆ ಮೂಲೆಗೂ ಮರ ನೆಡುತ್ತಾರೆ. ಆಟ ಶುರುವಾದರೆ ಮನೆ ಕಟ್ಟಲು ಜಾಗವಿಲ್ಲ, ಪರದೆ ತೆವಳುತ್ತದೆ. ಕಡಿಯಬಹುದಾದ ಪ್ರತಿ ಮರವೂ ಎಂಜಿನ್ ಲೆಕ್ಕ ಇಡಬೇಕಾದ ಒಂದೊಂದು 'ಎಂಟಿಟಿ'. ಕಡಿಯುವುದಕ್ಕೆ ಬೇಕಾದಷ್ಟನ್ನು ಮಾತ್ರ ಎಂಟಿಟಿಯಾಗಿ ಇಟ್ಟು, ಜರಿಗಿಡ, ಪೊದೆ, ಬಿದ್ದ ಕೊಂಬೆಗಳನ್ನೆಲ್ಲ ಆ್ಯಕ್ಟರ್ ಮಾಡಿದರೆ ಕಾಡು ದಟ್ಟವಾಗಿಯೇ ಕಾಣುತ್ತದೆ, ಯಾರ ಕಾಲಿಗೂ ಅಡ್ಡ ಬರುವುದಿಲ್ಲ. ತೊಗಟೆ, ನೆಲದ ಫೋಟೋ ತೆಗೆಯಲು ಮಾತ್ರ ನಮ್ಮ ಮೋಡ ಬಲು ಒಳ್ಳೆಯದು: ನೆರಳಿಲ್ಲದ ಬೆಳಕು ಬೇಕು, ಅದು ಇಲ್ಲಿ ನಾಲ್ಕು ತಿಂಗಳು ಪುಕ್ಕಟೆ. ಬಿಸಿಲಿನಲ್ಲಿ ತೆಗೆದ ಚಿತ್ರದೊಳಗೆ ನೆರಳು ಅಂಟಿಕೊಂಡು, ಆಟದ ಸೂರ್ಯ ಪೂರ್ವದಲ್ಲಿದ್ದರೂ ಮರದ ನೆರಳು ಪೂರ್ವಕ್ಕೇ ಬೀಳುತ್ತದೆ. ಮಳೆ ನಿಂತು ಒದ್ದೆ ಹೊಳಪು ಆರುವ ಅರ್ಧ ಗಂಟೆ ಹಿಡಿಯಬೇಕು. ಜಿಗಣೆಗಳಿಗೂ ಅದೇ ಹೊತ್ತು ಇಷ್ಟ.

ಇನ್ನು ಆನೆ. ಆಟದಲ್ಲಿ ಮೌರ್ಯರಿಗೆ ಕೆಲಸದ ಆನೆಯೊಂದಿದೆ. ಕಡಿದ ಸರಕನ್ನು ಒಪ್ಪಿಸಲು ಊರಿಗೆ ಹೋಗಬೇಕಿಲ್ಲ, ಆನೆಯೇ ಕೆಲಸದವರ ಹತ್ತಿರ ಬಂದು ನಿಲ್ಲುತ್ತದೆ. ದುಬಾರೆಯ ಆನೆಗಳು ಅರಣ್ಯ ಇಲಾಖೆಗೆ ಮರ ಎಳೆದದ್ದು ನೆನಪಿರುವವರಿಗೆ ಇದರಲ್ಲಿ ವಿಶೇಷ ಕಾಣದು. ವಿಶೇಷ ಬರುವುದು ನಮ್ಮದೇ ಆನೆ ಮಾಡಲು ಹೋದಾಗ. ಬ್ಲೆಂಡರಿನಲ್ಲಿ ಅಳತೆ ಬದಲಿಸಿ 'ಅಪ್ಲೈ ಸ್ಕೇಲ್' ಒತ್ತದೆ ಹೊರಗೆ ಕಳಿಸಿದರೆ ಆನೆ ಒಂದೋ ಕೋಳಿಯಷ್ಟಿರುತ್ತದೆ, ಇಲ್ಲವೇ ಕೋಟೆಯಷ್ಟು. ಮೈಬಣ್ಣದ ಚಿತ್ರ 512 ಅಥವಾ 1024ರಂತೆ ಎರಡರ ಘಾತದ ಅಳತೆಯಲ್ಲಿರಲಿ. ಅದರ ಆಲ್ಫಾ ಪದರ (ಪಾರದರ್ಶಕತೆಯ ಪದರ) ಎಲ್ಲಿ ಖಾಲಿಯೋ ಅಲ್ಲಿ ಆಟಗಾರನ ಬಣ್ಣ ತುಂಬುತ್ತದೆ. ಬೆನ್ನಿನ ಜೂಲು ಕೆಂಪಾಗಲಿ ಎಂಬುದು ಉದ್ದೇಶ. ಆಲ್ಫಾ ಪೂರ್ತಿ ಖಾಲಿ ಬಿಟ್ಟು ಸೇವ್ ಮಾಡಿದರೆ ಸೊಂಡಿಲಿನಿಂದ ಬಾಲದವರೆಗೆ ಕೆಂಪಾನೆ. ಮಾವುತನನ್ನು ಕೂರಿಸಲು ಆನೆಯ ಬೆನ್ನ ಮೇಲೆ 'ಪ್ರಾಪ್' ಎಂದು ಶುರುವಾಗುವ ಹೆಸರಿನ ಬಿಂದುವೊಂದಿರಬೇಕು. ಹೆಸರಲ್ಲಿ ಒಂದಕ್ಷರ ತಪ್ಪಿದರೆ ಮಾವುತ ನಾಪತ್ತೆ. ಸಿಟ್ಟಿಗೆದ್ದು 'ರೂಟ್' ಎಂದು ಕೊಟ್ಟರೆ ಆತ ಪ್ರತ್ಯಕ್ಷನಾಗುತ್ತಾನೆ, ಆನೆಯ ನಾಲ್ಕು ಕಾಲುಗಳ ನಡುವೆ.

ಎಲ್ಲ ಸರಿಹೋದ ಮೇಲೂ ಒಂದು ಬಾಕಿ. ವಿಂಡೋಸಿಗೆ ಕಡತದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ, ಲಿನಕ್ಸಿಗೆ ಅಲ್ಲ. ಗೋಣಿಕೊಪ್ಪದಲ್ಲಿ ನಡೆದಾಡುವ ಆನೆ ಬೆಂಗಳೂರಿನ ಕಸಿನ್ನಿನ ಲಿನಕ್ಸ್ ಯಂತ್ರದಲ್ಲಿ ಹುಟ್ಟುವುದೇ ಇಲ್ಲ, ಬದಲಿಗೆ ಕೆಂಪಕ್ಷರದ ದೂರು ಸುರಿಯುತ್ತದೆ. ಕಡತದ ಹೆಸರಿಗೆ ಸಣ್ಣಕ್ಷರ ಮತ್ತು ಅಡಿಗೆರೆ ಬಿಟ್ಟು ಬೇರೆ ಬಳಸಲೇಬೇಡಿ.

ವಾಲಗದ ಸಂಗೀತ ಹಾಕುವ ಆಸೆ ಎಲ್ಲರಿಗೂ. ಮದುವೆಯಲ್ಲಿ ಫೋನಿನಲ್ಲಿ ಹಿಡಿದದ್ದು ಆಗದು: ನುಡಿಸಿದವರ ಒಪ್ಪಿಗೆಯಿಲ್ಲದೆ ಕ್ರಿಯೇಟಿವ್ ಕಾಮನ್ಸ್ ಅಡಿ ಕೊಡುವ ಹಕ್ಕು ನಮಗಿಲ್ಲ. ಒಪ್ಪಿಗೆ ಸಿಕ್ಕರೂ ಹಿನ್ನೆಲೆಯಲ್ಲಿ ಯಾರೋ "ಊಟ ಆಯ್ತಾ?" ಎಂದು ಕೇಳುತ್ತಲೇ ಇರುತ್ತಾರೆ. ಕಳಿಂಗ ಯುದ್ಧದ ನಡುವೆ ಅದು ಕೇಳಿಸಬಾರದು.

ಕೊನೆಗೆ ನಾಲ್ವರು ಸೇರಿ ಆಡಿ ನೋಡುವ ದಿನ. ಈ ಆಟದಲ್ಲಿ ಸೈನ್ಯದ ಸ್ಥಿತಿಗತಿ ಜಾಲದಲ್ಲಿ ಹರಿದಾಡುವುದಿಲ್ಲ. 'ಇವನನ್ನು ಅಲ್ಲಿಗೆ ಕಳಿಸು' ಎಂಬ ಅಪ್ಪಣೆ ಮಾತ್ರ ಹೋಗುತ್ತದೆ. 200 ಮಿಲಿಸೆಕೆಂಡಿನ ಸರದಿಯಲ್ಲಿ ಪ್ರತಿ ಯಂತ್ರವೂ ಇಡೀ ಯುದ್ಧವನ್ನು ತಾನೇ ಲೆಕ್ಕ ಹಾಕಬೇಕು, ಎಲ್ಲರ ಉತ್ತರವೂ ಒಂದೇ ಬರಬೇಕು. ಪುತ್ತರಿ ಲೆಕ್ಕವನ್ನು ನಾಲ್ಕು ಮನೆಯವರು ಬೇರೆ ಬೇರೆ ಪುಸ್ತಕದಲ್ಲಿ ಬರೆದು ಮೊತ್ತ ತಾಳೆ ನೋಡಿದಂತೆ. ಎಂಜಿನ್ನಿನ ಒಳಗೆ ದಶಾಂಶಗಳಿಗೆ ಸ್ಥಿರಬಿಂದು ಸಂಖ್ಯೆ ಬಳಸುವುದೂ ಇದಕ್ಕೇ, ಯಂತ್ರದಿಂದ ಯಂತ್ರಕ್ಕೆ ಚೂರೂ ವ್ಯತ್ಯಾಸ ಬರಬಾರದೆಂದು. ತಾಳೆಯಾಗದಿದ್ದರೆ 'ಔಟ್ ಆಫ್ ಸಿಂಕ್' ಎಂಬ ಫಲಕ ಏಳುತ್ತದೆ, ಆಟ ಅಲ್ಲಿಗೆ ಹಾಳು.

ಮಾಡ್ ಬರೆದವರು ಇದನ್ನು ತರಿಸುವ ಸುಲಭದ ವಿಧಾನ ಹೀಗೆ: ಜಾವಾಸ್ಕ್ರಿಪ್ಟಿನಲ್ಲಿ ಆನೆಗಳ ಎಣಿಕೆಯನ್ನು ಆಟ ತನ್ನ ಸ್ಥಿತಿಯನ್ನು ಉಳಿಸಿಡುವ ಕಾಂಪೊನೆಂಟಿನ ಒಳಗಿಡದೆ ಹೊರಗೊಂದು ವೇರಿಯಬಲ್‌ನಲ್ಲಿ ಇಡುವುದು. ಎಲ್ಲರೂ ಮೊದಲಿನಿಂದ ಆಡುತ್ತಿರುವವರೆಗೆ ಏನೂ ಆಗುವುದಿಲ್ಲ. ಒಬ್ಬರ ಸಂಪರ್ಕ ಕಡಿದು ಮತ್ತೆ ಸೇರಿದಾಗ ಅವರಿಗೆ ಸಿಗುವುದು ಕಾಂಪೊನೆಂಟಿನೊಳಗೆ ಉಳಿಸಿಟ್ಟ ಸ್ಥಿತಿ ಮಾತ್ರ. ಹೊರಗಿನ ಎಣಿಕೆ ಅವರ ಪಾಲಿಗೆ ಸೊನ್ನೆ. ಕರೆಂಟು ಹೋಗದ ಊರಿನವರಿಗೆ ಈ ದೋಷ ಸಿಗುವುದು ಕಷ್ಟ. ಅವರಿಗೆಂದೇ ಎಂಜಿನ್ನಿನಲ್ಲಿ 'ರಿಜಾಯಿನ್ ಟೆಸ್ಟ್', 'ಸೀರಿಯಲೈಸೇಷನ್ ಟೆಸ್ಟ್' ಎಂಬ ಆಯ್ಕೆಗಳಿವೆ. ನಮಗೆ ಆಗಸ್ಟ್ ತಿಂಗಳೇ ಸಾಕು. ಆಟವನ್ನು ಹೋಸ್ಟ್ ಮಾಡುವವರು, ಅಂದರೆ ಉಳಿದವರೆಲ್ಲ ಬಂದು ಸೇರುವ ಯಂತ್ರದವರು, ಮಾತ್ರ ಕರೆಂಟಿರುವ ಊರಿನಲ್ಲಿರಲಿ. ಹೋಸ್ಟ್ ಹೋದರೆ ಬೇರೆಯವರು ಆ ಜಾಗಕ್ಕೆ ಬರುವ ಏರ್ಪಾಡಿಲ್ಲ, ಎಲ್ಲರ ಯುದ್ಧವೂ ಮುಗಿದಂತೆ. ಮೊಬೈಲ್ ಡೇಟಾದಲ್ಲಿ ಹೋಸ್ಟ್ ಮಾಡಲು ಹೊರಡುವುದೂ ದಂಡ. ಆಟ ಬಳಸುವ ಜಾಲದ ಬಾಗಿಲಾದ 20595ನೇ ಯುಡಿಪಿ ಪೋರ್ಟಿಗೆ ಹೊರಗಿನವರು ಬಂದು ಮುಟ್ಟುವ ಭರವಸೆಯಿಲ್ಲ.

'ಔಟ್ ಆಫ್ ಸಿಂಕ್' ಆಗಲು ಇದಕ್ಕಿಂತಲೂ ಸಾಮಾನ್ಯವಾದ ಕಾರಣ ಕುಟುಂಬದ ವಾಟ್ಸ್ಆ್ಯಪ್ ಗುಂಪು. ಅದರಲ್ಲಿ 'ಕೊಡಗು ಫೈನಲ್', 'ಕೊಡಗು ಫೈನಲ್ 2', 'ಕೊಡಗು ಇದೇ ಫೈನಲ್' ಎಂಬ ಮೂರು ಕಡತ ಓಡಾಡುತ್ತಿರುತ್ತವೆ. ಆಟ ಕಡತದ ಹೆಸರು ನೋಡುವುದಿಲ್ಲ. ಮಾಡ್‌ನ ಒಳಗಿನ ಜೇಸನ್ ಕಡತದಲ್ಲಿ ಬರೆದ ಹೆಸರು ಮತ್ತು ಆವೃತ್ತಿ ಸಂಖ್ಯೆ ಮಾತ್ರ ನೋಡುತ್ತದೆ. ಮೂರರಲ್ಲೂ 1.0.0 ಎಂದೇ ಇದ್ದರೆ ಎಲ್ಲರನ್ನೂ ಸಂತೋಷವಾಗಿ ಒಳಗೆ ಬಿಟ್ಟುಕೊಂಡು, ಮೊದಲ ಆನೆ ಹುಟ್ಟುತ್ತಿದ್ದಂತೆ ಫಲಕ ಎಬ್ಬಿಸುತ್ತದೆ. ಒಂದು ಅಲ್ಪವಿರಾಮ ಬದಲಿಸಿದರೂ ಸಂಖ್ಯೆಯನ್ನು 1.0.1 ಮಾಡಿ, ಹಳೆಯದನ್ನು ಗುಂಪಿನಿಂದ ಅಳಿಸಿ. ಅಳಿಸಿದ ಮೇಲೂ ಪೊನ್ನಂಪೇಟೆಯ ಚಿಕ್ಕಮ್ಮನ ಮಗನ ಹತ್ತಿರ ಹಳೆಯದೇ ಇರುತ್ತದೆ, ಆದ್ದರಿಂದ ಅವನಿಗೆ ಫೋನ್ ಮಾಡಿ ಹೇಳಿ.