ಕೂಸು ಹುಟ್ಟುವ ಮುಂಚಿನ ಹೆಸರು

ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸ ಕೆಲಸವೊಂದು ಆರಂಭವಾಗುವಾಗ ಅದು ಯಾವ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತದೆ, ಅಸಲಿಗೆ ಬರುತ್ತದೆಯೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಆದರೂ ಫೋಲ್ಡರಿಗೆ, ಮೀಟಿಂಗಿಗೆ, ಬಜೆಟ್ಟಿಗೆ ಏನಾದರೊಂದು ಹೆಸರು ಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಮ್ಮಲ್ಲಿ ಆಡಿಕೊಳ್ಳುತ್ತಾರೆ. ಈ ಉದ್ಯೋಗದಲ್ಲಿ ಮಾತ್ರ ಕುಲಾವಿ ಇಲ್ಲದೆ ಕೆಲಸ ಮುಂದೆ ಸಾಗುವುದಿಲ್ಲ. ಚಿಕ್ಕಮಗಳೂರಿನಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವ ನನಗೆ ಈ ಸಂಕೇತನಾಮಗಳ ಬಗ್ಗೆ ಒಂದು ಗಟ್ಟಿ ಅಭಿಪ್ರಾಯವಿದೆ: ಅವು ತಾವು ಹೊತ್ತ ವಸ್ತುವಿನ ವಿಷಯದಲ್ಲಿ ಏನನ್ನೂ ಹೇಳಬಾರದು.

ಸೈನ್ಯದವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ತನ್ನ ಅಣುಬಾಂಬ್ ಸಂಶೋಧನೆಯನ್ನು 'ಟ್ಯೂಬ್ ಅಲಾಯ್ಸ್' ಎಂದು ಕರೆದದ್ದು, ಕಿವಿಗೆ ಬಿದ್ದರೂ ಯಾವುದೋ ಕೊಳವೆ ಕಾರ್ಖಾನೆಯ ಸುದ್ದಿ ಎನಿಸಲಿ ಎಂಬ ಕಾರಣಕ್ಕೆ. ಕಾರ್ಯಾಚರಣೆಗಳಿಗೆ ಬಡಾಯಿಯ ಹೆಸರೂ ಬೇಡ, ಹುಡುಗಾಟದ ಹೆಸರೂ ಬೇಡ, ಮಗನನ್ನು ಕಳೆದುಕೊಂಡ ತಾಯಿ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚುವಂತಾಗಬಾರದು ಎಂದು 1943ರಲ್ಲಿ ಚರ್ಚಿಲ್ ಟಿಪ್ಪಣಿ ಬರೆದಿದ್ದರು.

ಕಂಪ್ಯೂಟರ್ ಕಂಪನಿಗಳು ಗೂಢಚಾರರಿಗಿಂತ ಹೆಚ್ಚಾಗಿ ವಕೀಲರಿಗೆ ಹೆದರಿದವು. ಆಪಲ್‌ನ ಎಂಜಿನಿಯರುಗಳು 1990ರ ದಶಕದಲ್ಲಿ ಒಂದು ಮ್ಯಾಕಿಂಟಾಷ್‌ಗೆ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಹೆಸರಿಟ್ಟು, ಅದು ಹೊರಬಿದ್ದು, ಅವರು ಆಕ್ಷೇಪಿಸಿದಾಗ ಸುಮ್ಮನಿರದೆ ಅವರನ್ನೇ ಗೇಲಿ ಮಾಡುವ ಇನ್ನೊಂದು ಹೆಸರಿಟ್ಟರು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಇಂಟೆಲ್‌ನವರು ಜಾಣರು. ಪೆಂಟಿಯಂ 4ರ ಮೊದಲ ಚಿಪ್ಪಿಗೆ ಅವರಿಟ್ಟ 'ವಿಲಮೆಟ್' ಎಂಬುದು ಆರೆಗಾನ್ ರಾಜ್ಯದ ಒಂದು ನದಿ, ಮತ್ತು ನದಿ ತನ್ನ ಹೆಸರು ಬಳಸಿದರೆಂದು ದಾವೆ ಹೂಡುವುದಿಲ್ಲ. ಮೈಕ್ರೋಸಾಫ್ಟ್ ಕೆನಡಾದ ಬೆಟ್ಟಗಳಿಗೆ ಹೋಯಿತು: ವಿಂಡೋಸ್ ಎಕ್ಸ್‌ಪಿ 'ವಿಸ್ಲರ್' ಆಯಿತು, ಆಮೇಲಿನ ದೊಡ್ಡ ಆವೃತ್ತಿಗೆ ಪಕ್ಕದ 'ಬ್ಲ್ಯಾಕ್‌ಕೋಂಬ್' ಶಿಖರದ ಹೆಸರು ಮೀಸಲಾಯಿತು, ನಡುವೆ ಸಣ್ಣದೊಂದು ಆವೃತ್ತಿ ಬೇಕೆನಿಸಿದಾಗ ಅಲ್ಲಿನ ಬೆಟ್ಟದ ಬುಡದ ಬಾರಿನ ಹೆಸರು, 'ಲಾಂಗ್‌ಹಾರ್ನ್', ಅದಕ್ಕೆ ಬಿತ್ತು. ಆ ಸಣ್ಣ ಆವೃತ್ತಿಯೇ ಐದು ವರ್ಷಕ್ಕೂ ಮಿಕ್ಕಿ ಎಳೆದು, 2007ರಲ್ಲಿ ವಿಸ್ಟಾ ಆಗಿ ಎಲ್ಲರ ಕೈಸೇರಿತು. ಬಾರಿಗೆ ಹೋದವರು ಬೇಗ ಎದ್ದು ಬಂದ ಉದಾಹರಣೆ ಎಲ್ಲಿಯೂ ಕಡಿಮೆ.

ಇಂಥ ಹೆಸರುಗಳು ಸಾಯುವುದೂ ಇಲ್ಲ. 'ಮೊಜಿಲ್ಲಾ' ಎಂಬುದು 1994ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗೆ ಒಳಗಿನವರು ಇಟ್ಟುಕೊಂಡಿದ್ದ ಹೆಸರು. ಬ್ರೌಸರ್ ಆ ಹೆಸರು ಹೇಳಿದರೆ ಮಾತ್ರ ಹಲವು ಸರ್ವರುಗಳು ಹೊಸ ಬಗೆಯ ಪುಟಗಳನ್ನು ಕಳಿಸುತ್ತಿದ್ದುದರಿಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಎಂದು ಹೇಳಿಕೊಂಡಿತು, ನಂತರ ಬಂದವರೆಲ್ಲ ಅದನ್ನೇ ಅನುಸರಿಸಿದರು. ನಿಮ್ಮ ಫೋನಿನ ಕ್ರೋಮ್ ಈಗಲೂ ಪ್ರತಿಯೊಂದು ಸರ್ವರಿಗೆ ತನ್ನ ಪರಿಚಯವನ್ನು 'ಮೊಜಿಲ್ಲಾ/5.0' ಎಂದೇ ಆರಂಭಿಸುತ್ತದೆ.

ಆದ್ದರಿಂದಲೇ ಗುಣ ಹೇಳುವ ಹೆಸರೆಂದರೆ ನನಗೆ ಭಯ. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ ಹಣ ಪಾವತಿಯ ಒಂದು ವ್ಯವಸ್ಥೆಗೆ 'ಇನ್‌ಸ್ಟಂಟ್' ಎಂದು ನಾಮಕರಣ ಮಾಡಿದ್ದರು. ಕಾಲಕ್ರಮದಲ್ಲಿ ಅದರ ಸ್ವರೂಪ ಬದಲಾಗಿ, ದಿನಕ್ಕೊಮ್ಮೆ ರಾತ್ರಿ ಓಡುವ ಲೆಕ್ಕವಾಯಿತು. ಡೇಟಾಬೇಸಿನ ಟೇಬಲ್ಲುಗಳಲ್ಲಿ ಮಾತ್ರ 'ಇನ್‌ಸ್ಟಂಟ್' ಹಾಗೆಯೇ ಉಳಿದು, ಹೊಸದಾಗಿ ಸೇರಿದವರೆಲ್ಲ ಅದನ್ನು ನಂಬಿ ಕೋಡ್ ಬರೆದು ಗ್ರಾಹಕರಿಂದ ಬೈಸಿಕೊಳ್ಳುತ್ತಿದ್ದರು.

ಈ ವಿಷಯದಲ್ಲಿ ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರ ಬುದ್ಧಿ ಮೆಚ್ಚುವಂಥದ್ದು. 1940ರ ದಶಕದಲ್ಲಿ ಎಸ್.288 ಮತ್ತು ಕೆಂಟ್ಸ್ ತಳಿಗಳನ್ನು ಕೂಡಿಸಿ ಪಡೆದ ಗಿಡಕ್ಕೆ ಅವರು ಉಳಿಸಿದ್ದು ತಮ್ಮ ಆಯ್ಕೆಯ ಕ್ರಮಸಂಖ್ಯೆಯನ್ನಷ್ಟೇ: ಎಸ್.795. ಎಲೆ ತುಕ್ಕು ರೋಗವನ್ನು ತಡೆದುಕೊಳ್ಳುವುದೇ ಆ ತಳಿಯ ಹೆಗ್ಗಳಿಕೆಯಾಗಿದ್ದರಿಂದ 'ತುಕ್ಕುನಿರೋಧಕ' ಎಂದು ಹೆಸರಿಡಬಹುದಿತ್ತು. ತುಕ್ಕು ಶಿಲೀಂಧ್ರದ ಹೊಸ ಬಗೆಗಳು ಹುಟ್ಟಿ ಆ ಶಕ್ತಿ ಕುಂದಿದ ಮೇಲೆ ಅದು ಸುಳ್ಳಾಗುತ್ತಿತ್ತು. ಸಂಖ್ಯೆಗೆ ಆ ಕಷ್ಟವಿಲ್ಲ. ಅರೇಬಿಕಾ ಬೆಳೆಗಾರರು ಇಂದಿಗೂ ನರ್ಸರಿಗೆ ಹೋಗಿ 'ಸೆವೆನ್ ನೈಂಟಿಫೈವ್' ಇದೆಯೇ ಎಂದು ಕೇಳುತ್ತಾರೆ.

ಸಂಖ್ಯೆಗಳಲ್ಲಿ ಮಾತಾಡಲು ನಮ್ಮ ತಂಡದವರು ಒಪ್ಪುವುದಿಲ್ಲವಾದ್ದರಿಂದ ನಾನು ನದಿಗಳ ಪಕ್ಷ. ನಮ್ಮ ಪ್ರಾಜೆಕ್ಟುಗಳಿಗೆಲ್ಲ ಗ್ರೀಕ್ ದೇವತೆಗಳ ಹೆಸರು ತುಂಬಿಕೊಂಡಿರುವುದು ನನಗೆ ಸಹಿಸದ ಸಂಗತಿ. ಆರೆಗಾನಿನವರು ತಮ್ಮ ಊರಿನ ಹೊಳೆಯ ಹೆಸರಿಡಬಹುದಾದರೆ ನಮಗೆ ಮುಜುಗರವೇಕೆ? ಹೊಸ ಕೆಲಸಕ್ಕೆ 'ಹೇಮಾವತಿ' ಸೂಚಿಸಿದೆ. ಅದನ್ನು ಇಂಗ್ಲಿಷಿನಲ್ಲಿ ನಾಲ್ವರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ, ಹುಡುಕಿದರೆ ಸಿಗುವುದಿಲ್ಲ ಎಂದು ಪುಣೆಯ ಸಹೋದ್ಯೋಗಿ ತಕರಾರು ತೆಗೆದರು, ಅದು ನ್ಯಾಯವೇ. ಈಗ 'ತುಂಗಾ' ಎಂದು ಬರೆದು ಕಳಿಸಿದ್ದೇನೆ. ಮೂರನೆಯ ಮಹಡಿಯ ಪ್ರಿಂಟರಿಗೆ ಆಗಲೇ ಆ ಹೆಸರಿದೆ ಎಂದು ಐ.ಟಿ. ವಿಭಾಗದವರು ಉತ್ತರಿಸಿದ್ದಾರೆ.