ಹಳೆಯ ಆಲ್-ಇನ್-ಒನ್‌ಗೆ ಪ್ರೊಸೆಸರ್ ಕೊಳ್ಳುವ ಮೊದಲು ವ್ಯಾಟ್ ನೋಡಿ

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿರುವ 23 ಇಂಚಿನ ಆಲ್-ಇನ್-ಒನ್ (ಪರದೆಯ ಬೆನ್ನಿನಲ್ಲೇ ಎಲ್ಲ ಬಿಡಿಭಾಗಗಳಿರುವ) ಕಂಪ್ಯೂಟರ್ 2013ರ ಕೊನೆಯಲ್ಲಿ ಕೊಂಡದ್ದು. ಅದರ ಪರದೆಯಲ್ಲಿ ಇಂದಿಗೂ ಒಂದು ಕಲೆಯಿಲ್ಲ. ನಾನು ಅದರಲ್ಲಿ ಮಾಡುವ ಮುಖ್ಯ ಕೆಲಸವೆಂದರೆ, ಪರಿಚಿತರ ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ತುತ್ತಾಗುತ್ತಿರುವ ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ತಂತ್ರಾಂಶದ ಸಹಾಯದಿಂದ ಆ ಪುಟಗಳ ಚಿತ್ರವನ್ನು ಅಕ್ಷರವಾಗಿಸುವುದು. ಅಚ್ಚುಮೊಳೆಯ ಕಾಲದ ಒತ್ತಕ್ಷರಗಳು ಯಂತ್ರಕ್ಕೆ ಸುಲಭವಾಗಿ ದಕ್ಕುವುದಿಲ್ಲ. 300 ಪುಟಗಳ ಒಂದು ಸಂಪುಟಕ್ಕೆ ಎಂಬತ್ತು ನಿಮಿಷ ಹಿಡಿಯುತ್ತಿತ್ತು. ಈ ಎಂಬತ್ತು ನಿಮಿಷವನ್ನು ಕಡಿಮೆ ಮಾಡಲು ಹೋಗಿ ಒಮ್ಮೆ ತಪ್ಪು ಪ್ರೊಸೆಸರ್ ಚಿಪ್ ಕೊಂಡು, ಮತ್ತೊಮ್ಮೆ ಸರಿಯಾದದ್ದನ್ನು ಕೊಂಡೆ. ಇಂಥದೇ ಕಂಪ್ಯೂಟರ್ ಇಟ್ಟುಕೊಂಡಿರುವ ಹಲವರು ನನ್ನ ಗೆಳೆಯರ ಬಳಗದಲ್ಲಿ ಇರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ, ಪ್ರೊಸೆಸರ್ ಬದಲಿಸುವ ಅಗತ್ಯ ನಿಜಕ್ಕೂ ಇದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಆನ್ ಆಗಲು ಐದು ನಿಮಿಷ, ಬ್ರೌಸರ್ ತೆರೆಯಲು ಒಂದು ನಿಮಿಷ ಎಂಬ ದೂರಿಗೆ ಕಾರಣ ಬಹುಪಾಲು ತಿರುಗುವ ಹಾರ್ಡ್ ಡಿಸ್ಕ್. ಅದರ ಜಾಗಕ್ಕೆ ತಿರುಗುವ ಭಾಗಗಳಿಲ್ಲದ, ವೇಗದ ಸಾಟಾ ಎಸ್‌ಎಸ್‌ಡಿ ಹಾಕಿ, 4 ಜಿಬಿ ರ‍್ಯಾಮ್ ಅನ್ನು 8ಕ್ಕೆ ಏರಿಸಿದರೆ ಆ ದೂರು ಅಲ್ಲಿಗೇ ಮುಗಿಯುತ್ತದೆ. ನಾನು ಅವೆರಡನ್ನೂ ಮಾಡಿ ವರ್ಷಗಳಾಗಿದ್ದವು. ಆದರೂ ಅಕ್ಷರ ಗುರುತಿಸುವ ಹೊತ್ತಿಗೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡಿಸ್ಕ್ ಸುಮ್ಮನಿರುತ್ತಿತ್ತು, ರ‍್ಯಾಮ್ ಅರ್ಧ ಖಾಲಿಯಿರುತ್ತಿತ್ತು, ಪ್ರೊಸೆಸರ್ ಮಾತ್ರ ಮೊದಲಿನಿಂದ ಕೊನೆಯವರೆಗೆ ನೂರಕ್ಕೆ ನೂರು ದುಡಿಯುತ್ತಿತ್ತು. ಹೀಗಿದ್ದಾಗ ಮಾತ್ರ ಚಿಪ್‌ಗೆ ಹಣ ಹಾಕುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಎರಡನೆಯದಾಗಿ, ಚಿಪ್ ಕಳಚಲು ಬರುತ್ತದೆಯೇ ಎಂಬುದು ಗೊತ್ತಿರಬೇಕು. ಅನೇಕ ಆಲ್-ಇನ್-ಒನ್‌ಗಳಲ್ಲಿ ಲ್ಯಾಪ್‌ಟಾಪಿನ ಪ್ರೊಸೆಸರನ್ನೇ ಮದರ್‌ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಇಂಟೆಲ್‌ನ ಆ ಕಾಲದ ಚಿಪ್‌ಗಳಲ್ಲಿ ಸಂಖ್ಯೆಯ ಕೊನೆಗೆ ‘ಯು’ ಅಕ್ಷರವಿದ್ದರೆ ಆಸೆ ಬಿಡಬಹುದು. ನನ್ನದರಲ್ಲಿ ಇದ್ದದ್ದು ಐ3-4130, ಎರಡು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ), 54 ವ್ಯಾಟ್‌ನ ಡೆಸ್ಕ್‌ಟಾಪ್ ಚಿಪ್. ಅದು ಕೂರುವ ಎಲ್‌ಜಿಎ1150 ಸಾಕೆಟ್ಟಿಗೆ ನಾಲ್ಕನೇ ತಲೆಮಾರಿನ ಐ5, ಐ7 ಚಿಪ್‌ಗಳೂ ಹೊಂದುತ್ತವೆ. ಇದೇ ಸಾಕೆಟ್ಟಿನ ಪೆಂಟಿಯಂ ಅಥವಾ ಸೆಲೆರಾನ್ ಇಟ್ಟುಕೊಂಡವರಿಗೆ ಒಂದು ಮಾತು: ಅವುಗಳಲ್ಲಿ ಎವಿಎಕ್ಸ್2 ಎಂಬ, ಒಂದೇ ಸಲಕ್ಕೆ ಹಲವು ಲೆಕ್ಕ ಮಾಡುವ ಸೌಲಭ್ಯವಿಲ್ಲ, ಟೆಸರಾಕ್ಟ್‌ನಂಥ ತಂತ್ರಾಂಶ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ಆದ್ದರಿಂದ ಐ3ಗೆ ಏರಿದರೂ ನಿಮಗೆ ಗಣನೀಯ ಲಾಭವಿದೆ.

ನನ್ನ ತಪ್ಪು ಆದದ್ದು ಇಲ್ಲಿ. ಸಾಕೆಟ್ ಹೊಂದುತ್ತದೆ ಎಂಬುದನ್ನಷ್ಟೇ ನೋಡಿ, ಬಳಸಿದ ಬಿಡಿಭಾಗ ಮಾರುವ ಅಂಗಡಿಯವರ ಮಾತಿಗೆ ಒಪ್ಪಿ, ಐ7-4790 ತಂದೆ. ನಾಲ್ಕು ಕೋರ್, ಎಂಟು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಸಾಲು), 4 ಗಿಗಾಹರ್ಟ್ಸ್‌ವರೆಗೆ ಓಟ, ಇವೆಲ್ಲ ನಿಜವೇ. ಆದರೆ ಆ ಚಿಪ್‌ಗೆ ಕಂಪನಿ ನಮೂದಿಸಿರುವ ಉಷ್ಣದ ಮಿತಿ 84 ವ್ಯಾಟ್, ನನ್ನ ಕಂಪ್ಯೂಟರಿನ ತಾಮ್ರದ ನಳಿಗೆ ಮತ್ತು ಅಂಗೈಯಗಲದ ಫ್ಯಾನ್ ವಿನ್ಯಾಸಗೊಂಡಿರುವುದು 65 ವ್ಯಾಟ್‌ಗೆ. ಗೋಪುರದಂಥ ಕ್ಯಾಬಿನೆಟ್ಟಿನಲ್ಲಿ ಈ ಕೊರತೆಯನ್ನು ದೊಡ್ಡ ಫ್ಯಾನ್ ಹಾಕಿ ತುಂಬಬಹುದು. ಪರದೆಯ ಬೆನ್ನಿಗೆ ಅಂಟಿಕೊಂಡ ಮೂರು ಬೆರಳಿನಷ್ಟು ಜಾಗದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಅದು ಮೇ ತಿಂಗಳು, ಕೋಣೆಯ ತಾಪವೇ 33 ಡಿಗ್ರಿ. ಕೆಲಸ ಆರಂಭವಾದ ಎರಡೇ ನಿಮಿಷದಲ್ಲಿ ಚಿಪ್ 100 ಡಿಗ್ರಿಯ ಹತ್ತಿರ ಹೋಗಿ, ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು 2.5 ಗಿಗಾಹರ್ಟ್ಸ್ ಆಸುಪಾಸಿಗೆ ಇಳಿಸಿಕೊಂಡಿತು. ಸಂಪುಟ ಮುಗಿದದ್ದು 54 ನಿಮಿಷಕ್ಕೆ. ಮೊದಲಿಗಿಂತ ಬೇಗ ಹೌದು, ಆದರೆ ಫ್ಯಾನಿನ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು, ಪರದೆಯ ಮೇಲಂಚು ಕೈಯಿಡಲಾಗದಷ್ಟು ಬಿಸಿಯಾಗುತ್ತಿತ್ತು, ವಾರದಲ್ಲಿ ಎರಡು ಬಾರಿ ಯಂತ್ರ ತಾನಾಗಿಯೇ ಆಫ್ ಆಯಿತು. ಬಿಸಿ ಕಾಯುವುದು ಚಿಪ್ ಒಂದೇ ಅಲ್ಲ. ಅದೇ ಡಬ್ಬಿಯೊಳಗೆ ಡಿಸ್ಕ್ ಇದೆ, ಪರದೆಯ ಹಿಂಬದಿ ದೀಪಗಳಿವೆ. ಪರದೆ ಕೆಟ್ಟರೆ ಇಡೀ ಯಂತ್ರವೇ ಕೆಟ್ಟ ಹಾಗೆ ಎಂಬ ಭಯ ನನ್ನನ್ನು ಬಹಳ ಕಾಡಿತು.

ಆಮೇಲೆ ಕೂತು ಓದಿದೆ. ಸಂಖ್ಯೆಯ ಕೊನೆಗೆ ‘ಎಸ್’ ಇರುವ ಚಿಪ್‌ಗಳು 65 ವ್ಯಾಟ್, ‘ಟಿ’ ಇರುವವು ಅದಕ್ಕಿಂತಲೂ ಕಡಿಮೆ, ಹಲವು 35 ವ್ಯಾಟ್. ಇಂಥ ತೆಳು ಯಂತ್ರಗಳಿಗೆ ಹೊಂದುವ ಚಿಪ್‌ಗಳು ಅವೇ. ನಾಲ್ಕು ಕೋರ್‌ಗಳ ಐ5-4590ಎಸ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಗೆಳೆಯನ ಕೈಯಲ್ಲಿ ತರಿಸಿಕೊಂಡೆ. ಈ 4590 ಸರಣಿ 2014ರಲ್ಲಿ ಬಂದದ್ದು, ನನ್ನ ಬೋರ್ಡ್ ಅದಕ್ಕಿಂತ ಹಳೆಯದು. ಆದ್ದರಿಂದ ಹಳೆಯ ಚಿಪ್ ಇರುವಾಗಲೇ ಬಯಾಸ್ (ಹೊಸ ಚಿಪ್ಪನ್ನು ಗುರುತಿಸಬೇಕಾದ, ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸಿಕೊಳ್ಳುವುದು ಒಳ್ಳೆಯದು. ಆ ಕೆಲಸದ ನಡುವೆ ಕರೆಂಟ್ ಹೋದರೆ ಬೋರ್ಡ್ ನಿರುಪಯುಕ್ತವಾಗಬಹುದು. ಗುಡುಗು ಸಿಡಿಲಿನ ಸಂಜೆಗಳಲ್ಲಿ, ಯುಪಿಎಸ್ ಇಲ್ಲದೆ, ನಮ್ಮ ಕರಾವಳಿಯಲ್ಲಿ ಯಾರೂ ಇದಕ್ಕೆ ಕೈಹಾಕಬಾರದು.

ಚಿಪ್ ಬದಲಿಸುವ ಕೆಲಸಕ್ಕೆ ತಾಳ್ಮೆಯಿದ್ದರೆ ಸಾಕು. ಹತ್ತು ನಿಮಿಷ ಓಡಿಸಿ ಒಣಗಿದ ಥರ್ಮಲ್ ಪೇಸ್ಟನ್ನು (ಚಿಪ್ಪಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಲೇಪ) ಬೆಚ್ಚಗೆ ಮಾಡಿ, ವಿದ್ಯುತ್ ಸಂಪರ್ಕ ತೆಗೆದು, ಪರದೆಯನ್ನು ಮಡಚಿದ ಕಂಬಳಿಯ ಮೇಲೆ ಬೋರಲು ಮಲಗಿಸಿದೆ. ಬಿಸಿ ಹೊರಹಾಕುವ ಲೋಹದ ಭಾಗವಾದ ಹೀಟ್‌ಸಿಂಕ್‌ನ ನಾಲ್ಕು ಸ್ಕ್ರೂಗಳನ್ನು ಕರ್ಣದ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, ಎಳೆಯದೆ ಮೆಲ್ಲಗೆ ತಿರುಚಿ ಎತ್ತಬೇಕು. ಈ ಸಾಕೆಟ್ಟಿನಲ್ಲಿ ಸೂಜಿಗಳಿರುವುದು ಚಿಪ್ಪಿನಲ್ಲಲ್ಲ, ಬೋರ್ಡಿನಲ್ಲಿ. ಕೂದಲೆಳೆಯಂಥ ಆ 1150 ಸೂಜಿಗಳ ಮೇಲೆ ಬೆರಳಾಗಲಿ ಬಟ್ಟೆಯಾಗಲಿ ತಾಗಬಾರದು. ಚಿಪ್ಪಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟರೆ ತನ್ನ ಭಾರಕ್ಕೆ ತಾನೇ ಕೂರುತ್ತದೆ, ಒತ್ತುವ ಅಗತ್ಯವಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಹಳೆಯ ಪೇಸ್ಟ್ ಒರೆಸಿ, ಒಂದು ಕುಚ್ಚಲಕ್ಕಿ ಕಾಳಿನಷ್ಟು ಹೊಸದನ್ನು ಇಟ್ಟೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಫ್ಯಾನ್ ಶುಚಿಗೊಳಿಸುವುದಕ್ಕೆ. ನಮ್ಮೂರಿನ ಕೆಮ್ಮಣ್ಣಿನ ಧೂಳು ಮಳೆಗಾಲದ ತೇವ ಹೀರಿ, ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ಐ7 ಹಾಕುವಾಗ ಹೊರಗಿನಿಂದ ಊದಿ ತೃಪ್ತಿಪಟ್ಟುಕೊಂಡಿದ್ದೆ. ಈ ಬಾರಿ ಪೂರ್ತಿ ಬಿಚ್ಚಿ ಕುಂಚದಿಂದ ಉಜ್ಜಿದೆ. ಗಾಳಿ ಹೋಗಬೇಕಾದ ದಾರಿಯೇ ಮುಚ್ಚಿದ್ದರಿಂದ ಐ7ರ ಬಿಸಿಗೆ ಇದೂ ಒಂದು ಕಾರಣವಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ಆದ್ದರಿಂದ ಶುಚಿಗೊಳಿಸಿದ ಮೇಲೆ ಅದನ್ನೇ ಮತ್ತೊಮ್ಮೆ ಹಾಕಿ ನೋಡಿದೆ: ತಾನಾಗಿ ಆಫ್ ಆಗುವುದು ನಿಂತಿತು, ಆದರೆ ತಾಪ 95 ದಾಟುವುದೂ ವೇಗ ಇಳಿಯುವುದೂ ನಿಲ್ಲಲಿಲ್ಲ. ಐ5-4590ಎಸ್ ಹಾಕಿದ ಮೇಲೆ, ಒಂದೊಂದು ಕೋರ್‌ಗೆ ಒಂದೊಂದು ಪುಟ ಕೊಟ್ಟು ಏಕಕಾಲಕ್ಕೆ ನಾಲ್ಕು ಪುಟ ಓಡಿಸಿದಾಗ, ಅದೇ ಸಂಪುಟ 50 ನಿಮಿಷಕ್ಕೆ ಮುಗಿಯಿತು; ತಾಪ 78ರಲ್ಲಿ ನಿಂತಿತು. ಹೆಸರಿನಲ್ಲಿ ಕೆಳಗಿನದೆನಿಸುವ ಚಿಪ್, ಅರೆಹೊಟ್ಟೆಯಲ್ಲಿ ದುಡಿಯುತ್ತಿದ್ದ ಐ7ಗಿಂತ ಹಿಂದೆ ಬೀಳಲಿಲ್ಲ.

ಈ ಕೆಲಸದಿಂದ ಸಿಗದ ಒಂದು ವಿಷಯವನ್ನೂ ಹೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಅಥವಾ ನಂತರದ ತಲೆಮಾರಿನ ಚಿಪ್ ಬೇಕು, ಅದು ಈ ಸಾಕೆಟ್ಟಿಗೆ ಹೊಂದುವುದೇ ಇಲ್ಲ. ವಿಂಡೋಸ್ 11ರ ಆಸೆಯಿಂದ ಯಾರಾದರೂ ನಾಲ್ಕನೇ ತಲೆಮಾರಿನ ಐ7 ಕೊಳ್ಳುತ್ತಿದ್ದರೆ ದಯವಿಟ್ಟು ಆ ಹಣ ಉಳಿಸಿ. ನಾನು ವಿಂಡೋಸ್ ಬದಲು ಉಚಿತ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ಗೆ ಹೋದೆ. ಟೆಸರಾಕ್ಟ್ ಅಲ್ಲಿ ಸರಾಗವಾಗಿ ನಡೆಯುತ್ತದೆ, ಕನ್ನಡದ ಕಗಪ ಕೀಲಿಮಣೆ ವಿನ್ಯಾಸವೂ ಅದರಲ್ಲೇ ಇದೆ.

ಐ7-4790 ಈಗ ಬ್ರಹ್ಮಾವರದ ಗೆಳೆಯನೊಬ್ಬನ ಡೆಸ್ಕ್‌ಟಾಪಿನಲ್ಲಿದೆ. ಅವನ ಕ್ಯಾಬಿನೆಟ್ ದೊಡ್ಡದು, ಫ್ಯಾನ್ 120 ಮಿಲಿಮೀಟರಿನದು. ಕಳೆದ ವಾರ ನನ್ನದೇ 300 ಪುಟಗಳನ್ನು ಅಲ್ಲಿ ಓಡಿಸಿದೆವು: 35 ನಿಮಿಷ, ತಾಪ 70 ದಾಟಲಿಲ್ಲ.